ಖಾತೆಗೆ ಬಾರದ ನಷ್ಟ

ದೀಪಾವಳಿಯ ಹೊತ್ತಿಗೆ ಹಳೆಯ ಲೆಕ್ಕವನ್ನು ಮುಗಿಸಿ, ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಪೂಜೆ ಸಲ್ಲಿಸುವ ಪದ್ಧತಿ ವ್ಯಾಪಾರಸ್ಥ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಜಮೆ ಎಷ್ಟು, ಖರ್ಚು ಎಷ್ಟು, ಯಾರಿಂದ ಬಾಕಿ ಬರಬೇಕು, ಯಾವ ಸಾಲ ಮುಳುಗಿಹೋಯಿತು ಎಂಬುದನ್ನೆಲ್ಲ ಆ ದಿನ ಒಂದೊಂದಾಗಿ ನೋಡಲಾಗುತ್ತದೆ. ಮುಳುಗಿದ್ದನ್ನು ಮುಳುಗಿತೆಂದು ಬರೆಯದ ವ್ಯಾಪಾರಿ ಅನ್ಯರನ್ನಲ್ಲ, ತನ್ನನ್ನೇ ವಂಚಿಸಿಕೊಳ್ಳುತ್ತಾನೆ ಎಂಬುದು ಹಿರಿಯರು ಕಲಿಸಿದ ಮೊದಲ ಪಾಠ. ಇಷ್ಟು ಕಟ್ಟುನಿಟ್ಟಾಗಿ ಅಂಗಡಿಯ ಲೆಕ್ಕವಿಡುವ ಸಮಾಜ ತನ್ನ ಅತಿ ದೊಡ್ಡ ನಷ್ಟವನ್ನು ಮಾತ್ರ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಆ ನಷ್ಟ ಮಕ್ಕಳ ಮೇಲಿನ ದೌರ್ಜನ್ಯದಿಂದ ಆಗುವಂಥದು. ಅದಕ್ಕಿಂತ ಹೆಚ್ಚಾಗಿ, ಮಕ್ಕಳ ನಿರ್ಲಕ್ಷ್ಯದಿಂದ ಆಗುವಂಥದು.

ಮಕ್ಕಳ ರಕ್ಷಣೆಯ ಮಾತು ಬಂದಾಗ ಸಭೆಗಳಲ್ಲಿ ಕೇಳಿಬರುವ ಉತ್ತರ ಒಂದೇ. “ಇದು ಪುಣ್ಯದ ಕೆಲಸ, ಆದರೆ ದೇಶ ಬಡದೇಶ. ರಸ್ತೆ ಬೇಕು, ನೀರು ಬೇಕು, ವಿದ್ಯುತ್ತು ಬೇಕು. ಇವೆಲ್ಲ ಆದ ಮೇಲೆ ಉಳಿದ ಹಣದಲ್ಲಿ ಇದನ್ನೂ ನೋಡೋಣ.” ಈ ಮಾತನ್ನಾಡುವವರು ಕ್ರೂರಿಗಳಲ್ಲ, ಬಹುಮಟ್ಟಿಗೆ ಸಜ್ಜನರೇ. ಆದರೆ ಅವರ ತರ್ಕದ ಬುಡದಲ್ಲಿ ಒಂದು ತಪ್ಪು ಅಡಗಿದೆ. ಮಕ್ಕಳ ರಕ್ಷಣೆ ಖರ್ಚು, ರಕ್ಷಿಸದಿರುವುದು ಉಳಿತಾಯ ಎಂದು ಅವರು ಭಾವಿಸಿದ್ದಾರೆ. ನಿಜಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿದೆ. ರಕ್ಷಿಸದಿರುವುದಕ್ಕೆ ಬೆಲೆಯಿದೆ, ಆ ಬೆಲೆಯನ್ನು ಸಮಾಜ ಪ್ರತಿವರ್ಷವೂ ತೆರುತ್ತಿದೆ, ತೆರುತ್ತಿರುವುದು ಅದಕ್ಕೆ ಗೊತ್ತಿಲ್ಲ, ಅಷ್ಟೆ.

ಈ ಬೆಲೆಯನ್ನು ಎಣಿಸಿ ನೋಡಿದ ದೇಶವೊಂದಿದೆ. ಅಮೆರಿಕದಲ್ಲಿ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಅವರ ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಒಂದು ಲೇಖನ, ಏಟು ತಿಂದು ಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬರುವ ಕೂಸುಗಳ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರನ್ನು ಕೊಟ್ಟಿತು. ಹನ್ನೆರಡು ವರ್ಷಗಳ ನಂತರ, 1974ರಲ್ಲಿ, ಅಲ್ಲಿನ ಕೇಂದ್ರ ಶಾಸನಸಭೆ ಈ ಕುರಿತು ಕಾನೂನನ್ನು ಮಾಡಿತು. ರೋಗಕ್ಕೆ ಹೆಸರು ಬಂದಿತು, ಕಾನೂನು ಬಂದಿತು. ಇನ್ನು ಬರಬೇಕಾಗಿದ್ದುದು ಲೆಕ್ಕ. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅರ್ಥಶಾಸ್ತ್ರಜ್ಞರು 2012ರಲ್ಲಿ ಅದನ್ನೂ ಮುಂದಿಟ್ಟರು. 2008ರ ಒಂದೇ ವರ್ಷದಲ್ಲಿ ಹೊಸದಾಗಿ ಬೆಳಕಿಗೆ ಬಂದ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಪ್ರಕರಣಗಳಿಂದ, ಆ ಮಕ್ಕಳ ಜೀವಮಾನದುದ್ದಕ್ಕೂ ಆ ದೇಶಕ್ಕೆ ತಗಲುವ ವೆಚ್ಚ 12,400 ಕೋಟಿ ಡಾಲರ್ ಎಂದು ಅವರು ಅಂದಾಜು ಮಾಡಿದರು. ಜೀವದಿಂದುಳಿದ ಪ್ರತಿಯೊಂದು ಮಗುವಿನ ಬಾಬ್ತು ಇದು 2,10,012 ಡಾಲರ್ ಆಗುತ್ತದೆ.

ಮೊತ್ತಕ್ಕಿಂತ ಮುಖ್ಯವಾದುದು ಆ ಮೊತ್ತದ ಒಡೆತ. ಓದುಗರು ಇದನ್ನು ನಿಧಾನವಾಗಿ ಪರಿಶೀಲಿಸಬೇಕು. ಬಾಲ್ಯದಲ್ಲಿನ ಚಿಕಿತ್ಸೆಗೆ 32,648 ಡಾಲರ್. ದೊಡ್ಡವರಾದ ಮೇಲಿನ ಚಿಕಿತ್ಸೆಗೆ 10,530. ಮಕ್ಕಳ ಕಲ್ಯಾಣ ಇಲಾಖೆಯ ಖರ್ಚು 7,728. ವಿಶೇಷ ಶಿಕ್ಷಣಕ್ಕೆ 7,999. ಪೊಲೀಸು, ನ್ಯಾಯಾಲಯ, ಸೆರೆಮನೆಗಳ ಬಾಬ್ತು 6,747. ಉಳಿದ 1,44,360 ಡಾಲರ್ ಯಾರೂ ಯಾರಿಗೂ ಪಾವತಿ ಮಾಡಿದ ಹಣವಲ್ಲ. ಆ ಮಗು ದೊಡ್ಡದಾಗಿ ದುಡಿಯಬಹುದಾಗಿದ್ದು, ದುಡಿಯಲಾಗದೆ ಹೋದ ಸಂಪಾದನೆ ಅದು. ಒಟ್ಟು ನಷ್ಟದಲ್ಲಿ ಮೂರನೆಯ ಎರಡು ಭಾಗಕ್ಕೂ ಮಿಕ್ಕಿದ ಪಾಲು ಅದರದೇ.

ಈ ನಷ್ಟ ಕಣ್ಣಿಗೆ ಬೀಳದಿರುವ ಕಾರಣ ಇಲ್ಲಿಯೇ ಇದೆ. ಸೇತುವೆ ಕುಸಿದರೆ ಗುತ್ತಿಗೆದಾರನ ಬಿಲ್ಲು ಬರುತ್ತದೆ. ಬರಗಾಲ ಬಂದರೆ ಪರಿಹಾರದ ಪಟ್ಟಿ ಬರುತ್ತದೆ. ಮುರುಟಿಹೋದ ಬಾಲ್ಯ ಯಾವ ಖಜಾನೆಗೂ ಬಿಲ್ಲು ಕಳುಹಿಸುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ಒಬ್ಬ ಯುವಕ ಯಾವ ಕೆಲಸದಲ್ಲಿಯೂ ಆರು ತಿಂಗಳು ನಿಲ್ಲುವುದಿಲ್ಲ. ಒಬ್ಬ ತಾಯಿ ತನ್ನ ಮಗುವಿನ ಅಳುವನ್ನು ತಾಳಲಾರದೆ ಹೊಡೆಯುತ್ತಾಳೆ. ಒಬ್ಬ ಗೃಹಸ್ಥ ಸಂಜೆಯಾದರೆ ಸಾರಾಯಿ ಅಂಗಡಿಗೆ ಹೋಗುತ್ತಾನೆ. ನೆರೆಹೊರೆಯವರು ಅದಕ್ಕೆ ಸೋಮಾರಿತನ, ಸಿಡುಕು, ದುಶ್ಚಟ ಎಂಬ ಹೆಸರುಗಳನ್ನಿಡುತ್ತಾರೆ. ಹಳೆಯ ಬಾಕಿ ಹೊಸ ಹೆಸರಿನಲ್ಲಿ ವಸೂಲಾಗುತ್ತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಇದು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. 1967ರಿಂದ 1971ರ ಅವಧಿಯಲ್ಲಿ ಅಮೆರಿಕದ ನ್ಯಾಯಾಲಯಗಳ ಕಡತಗಳಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದವರೆಂದು ದಾಖಲಾದ ಮಕ್ಕಳನ್ನು, ಅದೇ ವಯಸ್ಸಿನ, ಅಂಥದೇ ಮನೆತನಗಳ ಇತರ ಮಕ್ಕಳೊಡನೆ ಹೋಲಿಸಿ ದಶಕಗಳ ಕಾಲ ಗಮನಿಸಲಾಯಿತು. ಜ್ಯಾನೆಟ್ ಕರಿ ಮತ್ತು ಕ್ಯಾಥಿ ವಿಡಮ್ ಎಂಬ ವಿದುಷಿಯರು 2010ರಲ್ಲಿ ಪ್ರಕಟಿಸಿದಂತೆ, ನಡುವಯಸ್ಸಿನಲ್ಲಿ ಉದ್ಯೋಗ ಹೊಂದಿರುವವರ ಪ್ರಮಾಣದಲ್ಲಿ ಈ ಎರಡು ಗುಂಪುಗಳ ನಡುವೆ ನೂರಕ್ಕೆ 14ರಷ್ಟು ಅಂತರವಿತ್ತು. ಬಡತನ ಎರಡೂ ಕಡೆ ಸಮಾನವಾಗಿತ್ತು. ಭೇದವಿದ್ದುದು ಬಾಲ್ಯದ ಅನುಭವದಲ್ಲಿ.

“ಇದೆಲ್ಲ ಬಡವರ ಕೇರಿಯ ಕಥೆ” ಎನ್ನುವವರಿಗೂ ಉತ್ತರವಿದೆ. ಸ್ಯಾನ್ ಡಿಯಾಗೊ ನಗರದಲ್ಲಿ ಆರೋಗ್ಯ ವಿಮೆಯುಳ್ಳ 17,000ಕ್ಕೂ ಹೆಚ್ಚು ಮಂದಿಯನ್ನು ಅವರ ಬಾಲ್ಯದ ಬಗೆಗೆ ವಿಚಾರಿಸಲಾಯಿತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಕಾಲೇಜಿನ ಮೆಟ್ಟಿಲು ಹತ್ತಿದ್ದವರು. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತಿತರರು 1998ರಲ್ಲಿ ಮೊದಲ ಫಲಿತಾಂಶವನ್ನು ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ನೋವನ್ನುಂಡವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಸುಸಜ್ಜಿತ ಮನೆಗಳ ಒಳಕೋಣೆಗಳೂ ಈ ಲೆಕ್ಕದಿಂದ ಹೊರಗಿಲ್ಲ.

ಡಾಲರಿನ ಅಂಕಿಗಳು ಕನ್ನಡ ನಾಡಿಗೆ ಹೊಂದುವುದಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಅಂಕಿ ಹೊಂದುವುದಿಲ್ಲ, ಆದರೆ ಬಾಬ್ತುಗಳು ಅವೇ. ಚಿಕಿತ್ಸೆ, ಶಿಕ್ಷಣ, ನ್ಯಾಯಾಲಯ, ಕಳೆದುಹೋದ ದುಡಿಮೆ ಯಾವ ದೇಶದಲ್ಲಿ ಇಲ್ಲ? ಆಸ್ಪತ್ರೆಯ ಖರ್ಚನ್ನು ಬಹುಪಾಲು ಕುಟುಂಬವೇ ಹೊರುವ ದೇಶದಲ್ಲಿ ಈ ಹೊರೆ ಮತ್ತಷ್ಟು ಗುಪ್ತವಾಗಿ, ಮತ್ತಷ್ಟು ಬಡವರ ಹೆಗಲ ಮೇಲೆಯೇ ಬೀಳುತ್ತದೆ.

ಭಾರತದಲ್ಲಿ ಪ್ರಮಾಣ ಎಷ್ಟೆಂಬುದೂ ಅಜ್ಞಾತವಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿಯನ್ನು ಹೊರತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ಮನೆಯೊಳಗೆ ಏಟು ತಿಂದವರಲ್ಲಿ ನೂರಕ್ಕೆ 88.6ರಷ್ಟು ಮಂದಿಯನ್ನು ಹೊಡೆದವರು ತಂದೆತಾಯಿಗಳೇ. ನೂರಕ್ಕೆ 53.22ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ತಿಳಿಸಿದರು. ಅಪರಾಧಿಗಳಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮಗು ನಂಬಿದ್ದವರು. 2012ರಲ್ಲಿ ಪೋಕ್ಸೋ ಕಾಯಿದೆ ಬರಲು ಈ ಬಗೆಯ ಅರಿವು ಕಾರಣವಾಯಿತು. ಆದರೆ ಆ ವರದಿಯಲ್ಲಿ ರೂಪಾಯಿಯ ಕಾಲಂ ಇರಲಿಲ್ಲ. ಕಾಲಂ ಇಲ್ಲದಲ್ಲಿ ಮೊತ್ತವಿಲ್ಲ. ಮೊತ್ತವಿಲ್ಲದಲ್ಲಿ ಹಣಕಾಸು ಇಲಾಖೆಗೆ ನಷ್ಟವೇ ಇಲ್ಲ.

ಕರ್ನಾಟಕದಲ್ಲಿಯೇ ಒಂದು ನಿದರ್ಶನವುಂಟು. ರೇಷ್ಮೆಯ ಸೊಬಗನ್ನು ಹೊಗಳದ ಕನ್ನಡಿಗನಿಲ್ಲ. ಆ ರೇಷ್ಮೆಯ ನೂಲು ಬಿಚ್ಚಾಣಿಕೆಯಲ್ಲಿ, ಮಾಗಡಿ ಮೊದಲಾದೆಡೆಗಳ ಹುರಿ ಹಾಕುವ ಘಟಕಗಳಲ್ಲಿ ಮಕ್ಕಳ ದುಡಿಮೆ ವ್ಯಾಪಕವಾಗಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿಯೂ 2003ರಲ್ಲಿಯೂ ದಾಖಲಿಸಿತು. ಮದುವೆಗೋ ಕಾಯಿಲೆಗೋ ತಂದೆ ಕೆಲವು ಸಾವಿರ ರೂಪಾಯಿ ಮುಂಗಡ ಪಡೆಯುತ್ತಾನೆ. ಆ ಸಾಲಕ್ಕೆ ಮಗು ಅಡವು. ಕುದಿಯುವ ನೀರಿನ ಬೋಗುಣಿಯಲ್ಲಿ ಕೈಯಿಟ್ಟು ಗೂಡಿನ ಎಳೆಯನ್ನು ಹುಡುಕುವ ಬೆರಳುಗಳು ಬೊಬ್ಬೆಯೆದ್ದು ಒಡೆಯುತ್ತವೆ. ಹುರಿ ಯಂತ್ರದ ಮುಂದೆ ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತ ಕಾಲುಗಳು ಬಾಗುತ್ತವೆ. ಕೂಲಿ ಅತ್ಯಲ್ಪವಾದ್ದರಿಂದ ಮುಂಗಡ ತೀರುವುದಿಲ್ಲ. ತೀರದ್ದರಿಂದ ಮಗು ಬಿಡುಗಡೆಯಾಗುವುದಿಲ್ಲ. 1976ರಲ್ಲಿಯೇ ಜೀತಪದ್ಧತಿಯ ನಿರ್ಮೂಲನಕ್ಕೆ ಕಾಯಿದೆ ಬಂದಿದ್ದರೂ ಈ ಜೀತ ಇನ್ನೊಂದು ಹೆಸರಿನಲ್ಲಿ ಮುಂದುವರಿದಿತ್ತು.

ಈ ವ್ಯವಹಾರದ ಲೆಕ್ಕವನ್ನು ಯಾವ ಗುಮಾಸ್ತನಾದರೂ ಮಾಡಬಹುದು. ತಂದೆಗೆ ಸಿಕ್ಕಿದ್ದು ಒಂದು ಬಾರಿಯ ಮುಂಗಡ. ಮಾಲೀಕನಿಗೆ ಸಿಕ್ಕಿದ್ದು ಕೆಲವು ವರ್ಷಗಳ ಅಗ್ಗದ ಕೂಲಿ. ಮಗು ಕಳೆದುಕೊಂಡದ್ದು ಅಕ್ಷರ, ಆರೋಗ್ಯ ಮತ್ತು ಮುಂದಿನ ನಲವತ್ತು ವರ್ಷಗಳ ದುಡಿಮೆಯ ಬೆಲೆ. ನಾಡು ಕಳೆದುಕೊಂಡದ್ದು ಒಬ್ಬ ಕುಶಲ ಕೆಲಸಗಾರನನ್ನು, ಒಬ್ಬ ಗ್ರಾಹಕನನ್ನು, ಒಬ್ಬ ತೆರಿಗೆದಾರನನ್ನು. ಲಾಭ ಪಡೆದವನ ಹೆಸರು ಖಾತೆಯಲ್ಲಿದೆ. ನಷ್ಟ ಹೊತ್ತವರ ಹೆಸರು ಎಲ್ಲಿಯೂ ಇಲ್ಲ.

ಶಿವಕಾಶಿಯ ಬೆಂಕಿಪೊಟ್ಟಣ ಮತ್ತು ಪಟಾಕಿ ಉದ್ಯಮದ ಬಾಲಕಾರ್ಮಿಕರ ಸಲುವಾಗಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರಿನಲ್ಲಿ ತೀರ್ಪಿತ್ತು, ಅಪಾಯಕರ ಉದ್ಯಮದಲ್ಲಿ ದುಡಿಸಿಕೊಂಡ ಪ್ರತಿ ಮಗುವಿಗೆ ಮಾಲೀಕ 20,000 ರೂಪಾಯಿ ಕಟ್ಟಬೇಕೆಂದಿತು. ಆ ಮನೆಯ ವಯಸ್ಕನೊಬ್ಬನಿಗೆ ಕೆಲಸ ಕೊಡಲಾಗದಿದ್ದರೆ ಸರ್ಕಾರ 5,000 ಸೇರಿಸಬೇಕು; ಆ 25,000 ರೂಪಾಯಿಯ ಬಡ್ಡಿ, ಮಗು ಶಾಲೆಗೆ ಹೋಗುವಷ್ಟು ಕಾಲ, ಕುಟುಂಬಕ್ಕೆ ಸಲ್ಲಬೇಕು. ತೀರ್ಪು ಚಾರಿತ್ರಿಕವಾದುದು, ಸಂದೇಹವಿಲ್ಲ. ಆದರೆ ನೂರಕ್ಕೆ ಹತ್ತರ ಬಡ್ಡಿ ಹಿಡಿದರೂ ತಿಂಗಳಿಗೆ ಬರುವುದು ಸುಮಾರು 208 ರೂಪಾಯಿ. ಒಂದು ಬಾಲ್ಯದ ಬದಲಿಗೆ ಕಾನೂನು ಕೊಡಿಸಬಲ್ಲುದು ಇಷ್ಟೇ ಆದರೆ, ಬಾಲ್ಯ ಕೆಟ್ಟ ಮೇಲೆ ಪರಿಹಾರ ಕೊಡುವುದಕ್ಕಿಂತ ಕೆಡದಂತೆ ಕಾಯುವುದೇ ಮೇಲೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆಯೇ ಇದು.

ಕಾಯುವುದಕ್ಕೆ ತಗಲುವ ಖರ್ಚನ್ನೂ ಲೆಕ್ಕ ಹಾಕಿದವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2004ರಲ್ಲಿ ಮುಂದಿಟ್ಟ ಅಧ್ಯಯನದ ಪ್ರಕಾರ, ಇಪ್ಪತ್ತು ವರ್ಷಗಳಲ್ಲಿ ಬಾಲಕಾರ್ಮಿಕ ಪದ್ಧತಿಯನ್ನು ಇಲ್ಲವಾಗಿಸಲು ತಗಲುವ ಒಟ್ಟು ವೆಚ್ಚ 76,000 ಕೋಟಿ ಡಾಲರ್; ಅದರಿಂದ ದೊರಕುವ ಪ್ರಯೋಜನ 5,10,000 ಕೋಟಿ ಡಾಲರ್. ಹಾಕಿದ ಒಂದು ರೂಪಾಯಿಗೆ ಆರೂ ಮುಕ್ಕಾಲು ರೂಪಾಯಿಯಷ್ಟು ಮರಳುವ ವ್ಯಾಪಾರವನ್ನು ಬೇಡವೆನ್ನುವ ವರ್ತಕ ಎಲ್ಲಿದ್ದಾನೆ? ಆದರೂ 2011ರ ಜನಗಣತಿಯಲ್ಲಿ, ಐದರಿಂದ ಹದಿನಾಲ್ಕು ವಯಸ್ಸಿನ ಒಂದು ಕೋಟಿಗೂ ಹೆಚ್ಚು ಮಕ್ಕಳು ಭಾರತದಲ್ಲಿ ದುಡಿಯುವವರೆಂದು ಎಣಿಕೆಯಾದರು.

ಇಲ್ಲಿ ಮೂರು ಆಕ್ಷೇಪಗಳನ್ನು ಎದುರಿಸಬೇಕಾಗುತ್ತದೆ.

ಮೊದಲನೆಯದು ಧರ್ಮಭೀರುಗಳದು: ಮಗುವಿನ ಕಣ್ಣೀರಿಗೆ ಬೆಲೆ ಕಟ್ಟುವುದು ಅಧರ್ಮವಲ್ಲವೆ? ಈ ಲೆಕ್ಕದಲ್ಲಿ ಬೆಲೆ ಕಟ್ಟಿರುವುದು ಕಣ್ಣೀರಿಗಲ್ಲ, ಕಣ್ಣೀರನ್ನು ಕಂಡೂ ಸುಮ್ಮನಿದ್ದವರ ಮೌನಕ್ಕೆ. ಮಗುವನ್ನು ಹಿಂಸಿಸಬಾರದೆಂಬುದಕ್ಕೆ ಹಣದ ಕಾರಣ ಬೇಕಿಲ್ಲ. ನಷ್ಟವೇ ಆಗದಿದ್ದರೂ ಹಿಂಸೆ ಹಿಂಸೆಯೇ. ಆದರೆ ಹಣವಿಲ್ಲವೆಂಬ ನೆಪವನ್ನು ಮುಂದೊಡ್ಡುವವರಿಗೆ ಹಣದ ಭಾಷೆಯಲ್ಲಿಯೇ ಉತ್ತರಿಸಬೇಕಾಗುತ್ತದೆ. ಇನ್ನು ಕೈಯೆತ್ತಿ ಹೊಡೆಯುವುದು ಮಾತ್ರ ಹಿಂಸೆಯೆಂದೂ ತಿಳಿಯಬಾರದು. ಪ್ರಮಾದವೇ ಹಿಂಸೆಯ ಬೇರೆಂದು ಹೇಳಿದ ಪರಂಪರೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅಮೆರಿಕದ ದಾಖಲೆಗಳಲ್ಲಿಯೂ ನೊಂದ ಮಕ್ಕಳ ಪೈಕಿ ಸುಮಾರು ಮುಕ್ಕಾಲು ಪಾಲು ನಿರ್ಲಕ್ಷ್ಯಕ್ಕೆ ತುತ್ತಾದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅವರನ್ನು ಹೊಡೆದವರು ಯಾರೂ ಇಲ್ಲ, ನೋಡಬೇಕಾದವರು ನೋಡಲಿಲ್ಲ.

ಎರಡನೆಯದು ಶಿಸ್ತುಪ್ರಿಯರದು: ದಂಡಂ ದಶಗುಣಂ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಗಿಡವನ್ನು ಬಗ್ಗಿಸುವವನು ಊರುಗೋಲು ನೆಟ್ಟು, ದಾರ ಕಟ್ಟಿ, ನಿತ್ಯ ನೀರೆರೆಯುತ್ತಾನೆ, ಕೊಡಲಿಯಿಂದ ಹೊಡೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಏಟಿಗೆ ಹೆದರಿ ಶಾಲೆ ಬಿಟ್ಟ ಹುಡುಗನ ಮೇಲೆ ಸರ್ಕಾರ ಅಲ್ಲಿಯವರೆಗೆ ಮಾಡಿದ ಖರ್ಚೂ ವ್ಯರ್ಥ, ಅವನ ಮುಂದಿನ ಸಂಪಾದನೆಯೂ ವ್ಯರ್ಥ. ಇದನ್ನು ಶಿಸ್ತೆಂದು ಕರೆಯುವುದು ಹೇಗೆ?

ಮೂರನೆಯದು ಎಲ್ಲಕ್ಕಿಂತ ಹಳೆಯದು: ಹಣವೆಲ್ಲಿದೆ? ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಗೆ 2024–25ರ ಆಯವ್ಯಯದಲ್ಲಿ 1,472 ಕೋಟಿ ರೂಪಾಯಿ ಇಡಲಾಯಿತು. 2011ರ ಜನಗಣತಿಯಂತೆ ದೇಶದಲ್ಲಿ ಹದಿನೆಂಟು ತುಂಬದ ಮಕ್ಕಳು ಸುಮಾರು 44 ಕೋಟಿ. ಭಾಗಿಸಿ ನೋಡಿದರೆ ವರ್ಷಕ್ಕೆ ಒಂದು ಮಗುವಿಗೆ 33 ರೂಪಾಯಿ. ಇದೇ ಯೋಜನೆಯಲ್ಲಿ, ಸಂಕಷ್ಟದಲ್ಲಿರುವ ಮಗುವನ್ನು ಅದರ ಸ್ವಂತ ಕುಟುಂಬದಲ್ಲಿಯೇ ಉಳಿಸಿಕೊಳ್ಳಲು ತಿಂಗಳಿಗೆ 4,000 ರೂಪಾಯಿ ನೆರವು ನೀಡುವ ಪ್ರಾಯೋಜಕತ್ವದ ಏರ್ಪಾಡೂ ಇದೆ. ವಿಧಾನ ಸರಿಯಾಗಿದೆ; ಅದು ಮುಟ್ಟುವ ಮಕ್ಕಳ ಸಂಖ್ಯೆ ಮಾತ್ರ ಅಗತ್ಯಕ್ಕೆ ಏನೇನೂ ಸಾಲದು.

ಹಣವನ್ನು ಎಲ್ಲಿ ಹಾಕಿದರೆ ಫಲ ಬರುತ್ತದೆ ಎಂಬುದೂ ಗೊತ್ತಿಲ್ಲದ ವಿಷಯವಲ್ಲ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಊರಿನಲ್ಲಿ ಡೇವಿಡ್ ಓಲ್ಡ್ಸ್ ಎಂಬವರು 1970ರ ದಶಕದ ಕೊನೆಯಲ್ಲಿ 400 ಗರ್ಭಿಣಿಯರನ್ನು ಆಯ್ದುಕೊಂಡು ಒಂದು ಪ್ರಯೋಗ ಮಾಡಿದರು. ಅವರಲ್ಲಿ ಒಂದು ಗುಂಪಿನ ಮನೆಗಳಿಗೆ, ಮಗುವಿಗೆ ಎರಡು ವರ್ಷ ತುಂಬುವವರೆಗೆ, ತರಬೇತಾದ ದಾದಿಯರು ಹೋಗಿಬಂದರು. ಹದಿನೈದು ವರ್ಷಗಳ ನಂತರ ನೋಡಿದಾಗ ಆ ಮನೆಗಳಲ್ಲಿ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ದೂರುಗಳು ಉಳಿದವುಗಳಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಿದ್ದವು. ಹೆಚ್ಚು ಸಂಕಷ್ಟದಲ್ಲಿದ್ದ ಕುಟುಂಬಗಳ ವಿಷಯದಲ್ಲಿ ಸರ್ಕಾರಕ್ಕೆ ಆದ ಉಳಿತಾಯ ಖರ್ಚಿನ ನಾಲ್ಕು ಪಟ್ಟು ಎಂದು 1998ರಲ್ಲಿ ಅಂದಾಜಾಯಿತು. ಕರ್ನಾಟಕಕ್ಕೆ ಇಂಥ ವ್ಯವಸ್ಥೆಯನ್ನು ಹೊರಗಿನಿಂದ ತರಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇಂದು ಅಂಗನವಾಡಿ ಇಲ್ಲದ ಹಳ್ಳಿ ವಿರಳ. ಪ್ರತಿ ಮನೆಯ ಹೊಸ್ತಿಲನ್ನು ಬಲ್ಲ ಆ ಕಾರ್ಯಕರ್ತೆಗೆ ಸರ್ಕಾರ ಕೊಡುವುದನ್ನು ಸಂಬಳವೆಂದು ಸಹ ಕರೆಯುವುದಿಲ್ಲ, ಗೌರವಧನವೆನ್ನುತ್ತದೆ. ರೇಷನ್ನು, ಸಮೀಕ್ಷೆ, ಚುನಾವಣೆಯ ಕೆಲಸಗಳನ್ನೆಲ್ಲ ಅವಳ ತಲೆಗೆ ಕಟ್ಟಿ, ಮನೆಮನೆಗೆ ಹೋಗಿ ಮಕ್ಕಳನ್ನು ನೋಡಲು ಅವಳಿಗೆ ಸಮಯವಿಲ್ಲದಂತೆ ಮಾಡಿದವರು ಯಾರು?

ಸರ್ಕಾರದ ದೋಷವನ್ನಷ್ಟೇ ಎಣಿಸಿ ಕೈತೊಳೆದುಕೊಳ್ಳುವುದು ಸುಲಭ. ಮನೆಯ ಒಳಗೂ ಒಂದು ದೃಷ್ಟಿ ಹಾಯಬೇಕು. ಹಳ್ಳಿಯಿಂದ ಕರೆತಂದ ಹತ್ತು ಹನ್ನೆರಡರ ಹುಡುಗಿ ಪಟ್ಟಣದ ಗೌರವಸ್ಥರ ಮನೆಯಲ್ಲಿ ಪಾತ್ರೆ ತೊಳೆಯುತ್ತಾ, ಮಗು ಎತ್ತಿಕೊಳ್ಳುತ್ತಾ ಇರುವುದನ್ನು ಕಾಣದವರಿಲ್ಲ. “ಮನೆಮಗಳ ಹಾಗೆ ನೋಡಿಕೊಂಡಿದ್ದೇವೆ” ಎಂಬ ಮಾತು ಸಿದ್ಧವಾಗಿರುತ್ತದೆ. ಮನೆಮಗಳಾದರೆ, ಮನೆಯ ಮಗಳು ಹೋಗುವ ಶಾಲೆಗೆ ಅವಳೇಕೆ ಹೋಗುವುದಿಲ್ಲ? ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರಿನಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿ ಹದಿನಾಲ್ಕರೊಳಗಿನವರ ಎಲ್ಲ ಉದ್ಯೋಗವನ್ನೂ ನಿಷೇಧಿಸಿ, ಕುಟುಂಬದ ಕಸುಬಿಗೆ ಒಂದು ಕಿಂಡಿಯನ್ನು ಬಿಟ್ಟಿತು. ಆ ಕಿಂಡಿಯಲ್ಲಿ ದೂರದ ನೆಂಟಸ್ತಿಕೆಯ ಹೆಸರಿನಲ್ಲಿ ಎಷ್ಟು ಮಕ್ಕಳು ತೂರಿಹೋಗುತ್ತಿದ್ದಾರೆಂಬುದನ್ನು ಯಾವ ಅಧಿಕಾರಿಯೂ ಎಣಿಸಬೇಕಾಗಿಲ್ಲ, ಮನೆಮನೆಯವರಿಗೇ ಗೊತ್ತು. ಹಾಗೆಯೇ, ಬಂಧುವೊಬ್ಬನ ದುರ್ವರ್ತನೆಯನ್ನು ಮಗು ಹೇಳಿಕೊಂಡಾಗ “ಮನೆತನದ ಮರ್ಯಾದೆ” ಎಂದು ಬಾಯಿ ಮುಚ್ಚಿಸುವವರು, ಆ ಮರ್ಯಾದೆಯ ವೆಚ್ಚವನ್ನು ಮಗುವಿನ ಆಯುಷ್ಯದಿಂದ ಭರಿಸುತ್ತಿದ್ದಾರೆ. ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೋ ಕಾಯಿದೆಯಂತೆ ಅಪರಾಧ. 1098 ಎಂಬ ನಾಲ್ಕಂಕಿಯ ಉಚಿತ ದೂರವಾಣಿಯನ್ನು ನೆನಪಿಡುವುದು ಕಷ್ಟವೇನಲ್ಲ.

ಆಗಬೇಕಾದುದು ಇಷ್ಟು. ಕರ್ನಾಟಕ ಸರ್ಕಾರ 2020–21ರಲ್ಲಿ ಮೊದಲ ಬಾರಿಗೆ ಮಕ್ಕಳ ಆಯವ್ಯಯವನ್ನು ಪ್ರತ್ಯೇಕವಾಗಿ ಮಂಡಿಸಿತು. ಅದರಲ್ಲಿ ಮಕ್ಕಳಿಗಾಗಿ ಮಾಡುವ ಖರ್ಚು ಕಾಣುತ್ತದೆ; ಮಾಡದ ಖರ್ಚಿನಿಂದಾಗುವ ನಷ್ಟ ಕಾಣುವುದಿಲ್ಲ. ಆ ಎರಡನೆಯ ಕಾಲಂ ಅದೇ ಪುಸ್ತಕದಲ್ಲಿ ಬರಬೇಕು. ಶಾಸಕರು ಅದರ ಮೇಲೆ ಉತ್ತರ ಹೇಳಬೇಕು. ಅಂಗನವಾಡಿಯ ಕಾರ್ಯಕರ್ತೆಗೆ ಸಂಬಳವೂ, ಮಕ್ಕಳನ್ನು ನೋಡುವ ಸಮಯವೂ ಸಿಗಬೇಕು. ವಿದ್ಯಾರ್ಥಿನಿಲಯ, ಪಾಠಶಾಲೆಗಳನ್ನು ನಡೆಸುವ ಸಮಾಜದ ಸಂಸ್ಥೆಗಳು ತಮ್ಮ ವಾರ್ಷಿಕ ವರದಿಯಲ್ಲಿ ಕಟ್ಟಡ ನಿಧಿಯ ವಿವರದ ಪಕ್ಕದಲ್ಲಿ, ಆ ವರ್ಷ ಎಷ್ಟು ಮಕ್ಕಳು ಅರ್ಧದಲ್ಲಿ ಬಿಟ್ಟುಹೋದರು, ಏಕೆ ಹೋದರು ಎಂಬುದನ್ನೂ ಅಚ್ಚು ಹಾಕಿಸಬೇಕು. ಮುಂದಿನ ದೀಪಾವಳಿಗೆ ಹೊಸ ಖಾತೆಯನ್ನು ತೆರೆಯುವ ಯಜಮಾನರು, ಪೂಜೆಯ ತಟ್ಟೆ ಹಿಡಿದು ನಿಂತ ಕೆಲಸದ ಹುಡುಗಿಯ ವಯಸ್ಸೆಷ್ಟೆಂದು ಮೊದಲು ಕೇಳಿ, ಆ ಮೇಲೆ ಮೊದಲ ಸಾಲನ್ನು ಬರೆಯಲಿ.